ಇಂಧನ ತುಂಬುವವನು

ಉಪಗ್ರಹ ಮೇಲೇರಿದ ದಿನ ಚಪ್ಪಾಳೆ ತಟ್ಟುವವರು ಟಿವಿಯಲ್ಲಿ ಕಾಣುತ್ತಾರೆ. ಅದರ ಟ್ಯಾಂಕಿಗೆ ಇಂಧನ ತುಂಬಿದವನು ಕಾಣುವುದಿಲ್ಲ. ಕಂಡರೂ ಗುರುತು ಹತ್ತುವುದಿಲ್ಲ. ಅಡಿಯಿಂದ ಮುಡಿಯವರೆಗೆ ಮುಚ್ಚಿದ ದಿರಿಸು, ಉಸಿರಾಟಕ್ಕೆ ಬೇರೆಯೇ ಗಾಳಿ. ಕಕ್ಷೆಯಲ್ಲಿ ಉಪಗ್ರಹವನ್ನು ಅತ್ತಿತ್ತ ಸರಿಸುವ ಪುಟ್ಟ ಎಂಜಿನ್‌ಗಳಿಗೆ ದಶಕಗಳಿಂದ ಹೈಡ್ರಜೀನ್ ಎಂಬ ದ್ರವವೇ ಮುಖ್ಯ ಆಸರೆ. ಅದು ಉಸಿರಿನ ಮೂಲಕವೂ ಒಳಗೆ ಹೋಗುತ್ತದೆ, ಚರ್ಮದ ಮೂಲಕವೂ ಇಳಿಯುತ್ತದೆ. ಯಕೃತ್ತನ್ನು ಕೆಡಿಸುತ್ತದೆ, ನರಗಳನ್ನು ಕೆಡಿಸುತ್ತದೆ, ಕ್ಯಾನ್ಸರಿನ ಭಯವೂ ಇದೆ. 2011ರಲ್ಲಿ ಐರೋಪ್ಯ ಒಕ್ಕೂಟ ಅದನ್ನು ಅತಿ ಕಳವಳಕಾರಿ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ನಮ್ಮ ಪಿಎಸ್‌ಎಲ್‌ವಿ ರಾಕೆಟ್ಟಿನ ಎರಡನೇ ಹಂತದಲ್ಲಿ ಉರಿಯುವುದೂ ಅದೇ ಕುಲದ ದ್ರವ. ಆ ಹಂತದ ವಿಕಾಸ್ ಎಂಜಿನ್ ತಯಾರಾಗುವ ಜಾಗಗಳಲ್ಲಿ ಮುಂಬಯಿಯ ವಿಕ್ರೋಲಿಯ ಗೋದ್ರೆಜ್ ಕಾರ್ಖಾನೆಯೂ ಒಂದು.

ಅದೇ ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಬದುಕುವವರಿಗೆ ಈ ವಿಷಯ ದೂರದ್ದೆನಿಸಬಾರದು. ಪಶ್ಚಿಮಕ್ಕೆ ಜುಹೂ ವಿಮಾನ ನಿಲ್ದಾಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲಗಳನ್ನು ಹೊತ್ತು ತಂದು ಇಳಿದದ್ದು ಅಲ್ಲಿಯೇ. ಪೂರ್ವಕ್ಕೆ, ಒಂದು ಕಾಲಕ್ಕೆ ಈ ಊರಿನ ಹೆಸರಿನಿಂದಲೇ ಕರೆಸಿಕೊಳ್ಳುತ್ತಿದ್ದ ದೊಡ್ಡ ನಿಲ್ದಾಣ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯ, ಅದರ ಕನ್ನಡ ವಿಭಾಗ. ಆಸುಪಾಸಿನ ವಾಕೋಲಾದ ಗಲ್ಲಿಗಳಲ್ಲಿ ತಗಡಿನ ಮಾಡುಗಳ ಮೇಲೆ ವಿಮಾನದ ಸದ್ದು ಹಗಲೂ ರಾತ್ರಿಯೂ. ಟಿಕೆಟ್ ಕೊಂಡು ಹಾರುವವರು ಒಬ್ಬರು, ಸದ್ದು ಹೊಗೆ ನುಂಗುವವರು ಇನ್ನೊಬ್ಬರು. ಈ ಲೆಕ್ಕಾಚಾರ ಇಲ್ಲಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಂದ ಕೆಲವೇ ಮೈಲಿ ದೂರದ ಪವಾಯಿಯ ಐಐಟಿಯಲ್ಲಿ ವಿದ್ಯಾರ್ಥಿಗಳು ವರ್ಷಗಟ್ಟಲೆ ದುಡಿದು 'ಪ್ರಥಮ್' ಎಂಬ ಪುಟ್ಟ ಉಪಗ್ರಹ ಕಟ್ಟಿದ್ದರು. 2016ರ ಸೆಪ್ಟೆಂಬರ್ 26ರಂದು ಅದು ಕಕ್ಷೆ ಸೇರಿತು. ಮರುವರ್ಷ, 2017ರಲ್ಲಿ, ಅದೇ ಸಂಸ್ಥೆಯ ಆಸರೆಯಲ್ಲಿ 'ಮನಸ್ತು ಸ್ಪೇಸ್' ಎಂಬ ಸಣ್ಣ ಕಂಪನಿ ಹುಟ್ಟಿತು. ತುಷಾರ್ ಜಾಧವ್ ಮತ್ತು ಅಷ್ಟೇಶ್ ಕುಮಾರ್ ಅದರ ಸ್ಥಾಪಕರು. ಅವರು ಹಿಡಿದ ಕೆಲಸ ಹೈಡ್ರಜೀನ್‌ನ ಜಾಗಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ಇಂಧನ ತರುವುದು. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60ರ ನಾಲ್ಕನೇ ಹಂತದ ಮೇಲೆ ಅವರ ಎಂಜಿನ್ ಕೂಡ ಕುಳಿತು ಹೋಯಿತು. ಕೆಲಸ ಮುಗಿದ ಆ ಹಂತವನ್ನು ಕಸವಾಗಲು ಬಿಡದೆ ಪ್ರಯೋಗಗಳ ಜಗಲಿಯನ್ನಾಗಿ ಮಾಡಿಕೊಂಡದ್ದು ಇಸ್ರೋದ ಜಾಣತನ. ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಏರೋಸ್ಪೇಸ್ ತನ್ನ 'ರುದ್ರ' ಎಂಜಿನನ್ನು ಇಂಥದೇ ಜಗಲಿಯ ಮೇಲಿಟ್ಟು 2024ರ ಜನವರಿಯಲ್ಲೇ ಪರೀಕ್ಷಿಸಿತ್ತು. ಅದರ ಗುರಿಯೂ ವಿಷವಲ್ಲದ ಇಂಧನವೇ.

ಪೆರಾಕ್ಸೈಡ್ ನಮಗೆ ಗೊತ್ತಿಲ್ಲದ ವಸ್ತುವಲ್ಲ. ಕಲೀನಾದ ಯಾವ ಮೆಡಿಕಲ್ ಅಂಗಡಿಯಲ್ಲಿ ಕೇಳಿದರೂ ಕಂದು ಬಾಟಲಿಯಲ್ಲಿ ಸಿಗುತ್ತದೆ. ಮಗು ಮೊಣಕಾಲು ತರಚಿಕೊಂಡು ಬಂದಾಗ ಹತ್ತಿಯಲ್ಲಿ ಅದ್ದಿ ಒತ್ತಿದರೆ ಬೆಳ್ಳಗೆ ನೊರೆ ಏಳುತ್ತದೆಯಲ್ಲ, ರಕ್ತದಲ್ಲಿರುವ ಒಂದು ಕಿಣ್ವ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿರುವ ಗುರುತು ಅದು. ಎಂಜಿನಿನೊಳಗೆ ನಡೆಯುವುದೂ ಇದೇ ಕ್ರಿಯೆ. ಬಾಟಲಿಯಲ್ಲಿ ಶೇಕಡಾ 3ರಷ್ಟಿರುವುದು ಎಂಜಿನ್‌ನಲ್ಲಿ 90ರ ಆಸುಪಾಸು. ಕಿಣ್ವದ ಬದಲು ಲೋಹದ ವೇಗವರ್ಧಕ. ಆಗ ನೊರೆಯ ಜಾಗದಲ್ಲಿ ಏಳುನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಹಬೆ ನಳಿಕೆಯಿಂದ ನುಗ್ಗುತ್ತದೆ. ಹಿಂದೆ ಬ್ರಿಟಿಷರು ತಮ್ಮ ಬ್ಲ್ಯಾಕ್ ಆ್ಯರೋ ರಾಕೆಟ್ಟಿನಲ್ಲಿ ಇದಕ್ಕೆ ಬೆಳ್ಳಿ ಲೇಪಿಸಿದ ಜಾಲರಿ ಬಳಸಿದ್ದರು. ಆದರೆ ಶೇಕಡಾ 98ಕ್ಕೆ ಏರಿಸಿದರೆ ಹಬೆಯ ಶಾಖ ಬೆಳ್ಳಿ ಕರಗುವ 961 ಡಿಗ್ರಿಯ ಹತ್ತಿರಕ್ಕೇ ಹೋಗಿಬಿಡುತ್ತದೆ. ಹಾಗಾಗಿ ಆ ಶಾಖಕ್ಕೆ ಕರಗದ, ಮತ್ತೆ ಮತ್ತೆ ಉರಿಸಿದರೂ ಪುಡಿಯಾಗದ ವೇಗವರ್ಧಕ ಬೇಕು. ಸಂಶೋಧನೆಯ ಬಹುಪಾಲು ಬೆವರು ಬೀಳುವುದು ಇಂಥ ಕಡೆ.

ಈ ಸಣ್ಣ ಕಂಪನಿಗಳ ಬಗ್ಗೆ ನನಗೆ ಗೌರವ ಹುಟ್ಟುವುದು ಇಲ್ಲಿ. ಎಷ್ಟು ಎತ್ತರ, ಎಷ್ಟು ವೇಗ ಎಂದು ಕೇಳುವ ಕ್ಷೇತ್ರದಲ್ಲಿ, ತುಂಬುವವನ ಶ್ವಾಸಕೋಶ ಏನಾಗುತ್ತದೆ ಎಂಬ ಪ್ರಶ್ನೆಗೂ ಜಾಗ ಸಿಗುವ ಕೆಲಸವನ್ನು ಅವರು ಹಿಡಿದಿದ್ದಾರೆ. ವಿಷವಿಲ್ಲದ ಇಂಧನವನ್ನು ನಿಭಾಯಿಸುವ ಖರ್ಚೂ ಕಡಿಮೆ, ವ್ಯಾಪಾರದ ಲೆಕ್ಕವೂ ಅದರಲ್ಲಿದೆ ನಿಜ. ಇರಲಿ. ಲಾಭವೂ ದಯೆಯೂ ಒಂದೇ ದಾರಿಯಲ್ಲಿ ಸಿಗುವುದು ಅಪರೂಪ, ಸಿಕ್ಕಾಗ ಅನುಮಾನಿಸುತ್ತ ಕೂರಬೇಕಾಗಿಲ್ಲ.

ಹಾಗೆಂದು ವಿಷವಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದೂ ಅಲ್ಲ. ಗಾಢ ಪೆರಾಕ್ಸೈಡ್ ಚರ್ಮ ಸುಡುತ್ತದೆ. ಪೈಪಿನಲ್ಲಿ ಚೂರು ತುಕ್ಕೋ ಜಿಡ್ಡೋ ಉಳಿದರೆ ತಾನೇ ಕೆರಳುತ್ತದೆ. 2000ದ ಆಗಸ್ಟ್ 12ರಂದು ರಷ್ಯಾದ ಕುರ್ಸ್ಕ್ ಜಲಾಂತರ್ಗಾಮಿಯಲ್ಲಿ ಒಂದು ಟಾರ್ಪಿಡೊದಿಂದ ಸೋರಿದ ಪೆರಾಕ್ಸೈಡ್ ಸ್ಫೋಟಕ್ಕೆ ದಾರಿಯಾಯಿತು. 118 ಮಂದಿ ತೀರಿಕೊಂಡರು. ಹೈಡ್ರಜೀನ್ ಮೆಲ್ಲಗೆ ಕೊಲ್ಲಬಲ್ಲದು, ಪೆರಾಕ್ಸೈಡ್ ಕ್ಷಣದಲ್ಲಿ. ಇಂಧನ ಬದಲಾದರೂ ಅದರ ಪಕ್ಕದಲ್ಲಿ ನಿಲ್ಲುವ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ.

ತಾನೇ ಕಟ್ಟಿ ತಾನೇ ಹಾರುವವನ ಮಾತು ಬೇರೆ. ಕಾಂದಿವಲಿಯ ಚಾರ್ಕೋಪ್‌ನಲ್ಲಿ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ವಿಮಾನ ಕಟ್ಟಿದರು. 2016ರಲ್ಲಿ ಅದು ಕಲೀನಾದ ಮಗ್ಗುಲಿನ ಬಾಂದ್ರಾ-ಕುರ್ಲಾ ಸಂಕುಲದ 'ಮೇಕ್ ಇನ್ ಇಂಡಿಯಾ' ಪ್ರದರ್ಶನದಲ್ಲಿ ನಿಂತಿತು, 2017ರಲ್ಲಿ ನೋಂದಣಿ ಪಡೆಯಿತು. ಅಲ್ಲಿ ಕನಸೂ ಅವರದೇ, ಕುತ್ತೂ ಮೊದಲು ಅವರದೇ. ಕಂಪನಿ ಎಂದಾದ ಕೂಡಲೇ ಇವೆರಡೂ ಬೇರೆಯಾಗುತ್ತವೆ. ಕನಸು ಸ್ಥಾಪಕರದು, ಹಣ ಹೂಡಿಕೆದಾರರದು. ವಾಲ್ವ್ ತಿರುಗಿಸುವ ಕೈ ಡಿಪ್ಲೊಮಾ ಮುಗಿಸಿ ಬಂದ ಹುಡುಗನದು, ಭಾಗಗಳನ್ನು ಕೊರೆಯುವ ಕೈ ಸಾಕಿನಾಕಾದಂಥ ಕಡೆ ಜಾಬ್‌ವರ್ಕ್ ಮಾಡುವ ಲೇತ್ ಅಂಗಡಿಯವನದು.

ದೊಡ್ಡ ಸಂಸ್ಥೆಯಲ್ಲಿ ಪರೀಕ್ಷೆ ಒಂದು ವಾರ ಮುಂದಕ್ಕೆ ಹೋದರೆ ಯಾರ ಸಂಬಳವೂ ನಿಲ್ಲುವುದಿಲ್ಲ. ಸಣ್ಣ ಕಂಪನಿಯಲ್ಲಿ ಎಲ್ಲವೂ ಮುಂದಿನ ಕಂತಿನ ಹಣದ ಮೇಲೆ ನಿಂತಿರುತ್ತದೆ. ನಾಳೆ ಹೂಡಿಕೆದಾರರು ನೋಡಲು ಬರುತ್ತಾರೆ ಎನ್ನುವಾಗ, ಸೀಲಿನ ಹತ್ತಿರ ಜಿನುಗುತ್ತಿದೆ ಎಂದು ಹೇಳಲು ಆ ಹುಡುಗನಿಗೆ ನಾಲಗೆ ಏಳಬೇಕು. ಹೇಳಿದರೆ ಎಲ್ಲರೂ ತನ್ನನ್ನೇ ನೋಡುತ್ತಾರೆ ಎಂಬ ಅಳುಕು. ಹೇಳದಿದ್ದರೆ ಏನಾಗಬಹುದು ಎಂಬುದೂ ಗೊತ್ತು. ಅವನು ಬಾಯಿ ತೆರೆಯುತ್ತಾನೋ ಇಲ್ಲವೋ ಎಂಬುದು ಅವನ ಧೈರ್ಯವೊಂದನ್ನೇ ಅವಲಂಬಿಸಿಲ್ಲ. ಹಿಂದಿನ ಸಲ ಹೇಳಿದವನಿಗೆ ಏನಾಯಿತು ಎಂಬುದನ್ನು ಅವನು ನೋಡಿರುತ್ತಾನೆ.

ಅಮೆರಿಕದಲ್ಲಿ 1982ರ ಕಾನೂನಿನಡಿ ನಾಸಾದಂಥ ಇಲಾಖೆಗಳು ಸಣ್ಣ ಕಂಪನಿಗಳ ಸಂಶೋಧನೆಗೆ ಹಣ ಎತ್ತಿಡುತ್ತ ಬಂದಿವೆ. ಮೊದಲು ಸಣ್ಣ ಮೊತ್ತ, ಕಲ್ಪನೆ ನಿಲ್ಲುವಂಥದೆಂದು ಕಂಡರೆ ದೊಡ್ಡ ಮೊತ್ತ. ನಮ್ಮಲ್ಲಿ 2020ರಲ್ಲಿ ಇನ್-ಸ್ಪೇಸ್ ಎಂಬ ಸರ್ಕಾರಿ ಸಂಸ್ಥೆ ರೂಪುಗೊಂಡು ಖಾಸಗಿಯವರಿಗೆ ಬಾಗಿಲು ತೆರೆಯಿತು. 2024ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಬಾಹ್ಯಾಕಾಶ ಉದ್ಯಮಗಳಿಗಾಗಿ 1000 ಕೋಟಿ ರೂಪಾಯಿಯ ನಿಧಿಗೆ ಒಪ್ಪಿಗೆ ಕೊಟ್ಟಿತು. ಇದು ವಾಕೋಲಾದ ತಗಡಿನ ಮಾಡಿನ ಕೆಳಗಿನವರೂ ಬೆಂಕಿಪೊಟ್ಟಣದ ಮೇಲೆ ತೆರಿಗೆ ಕಟ್ಟಿ ಕೂಡಿಸಿದ ಹಣ. ಸೋಲು ಬಂದರೂ ಬರಲಿ ಎಂದು ಅದನ್ನು ಕೊಡಬೇಕು, ಸೋಲದೆ ಸಂಶೋಧನೆಯಿಲ್ಲ. ಕೊಡುವ ಮುಂಚೆ ಪರಿಶೀಲನೆಗೆ ಬರುವ ತಜ್ಞರು ಸ್ಥಾಪಕರ ಸ್ಲೈಡುಗಳನ್ನು ನೋಡಿ ಮುಗಿಸಿದ ಮೇಲೆ ಟೆಸ್ಟ್ ಬೆಂಚಿನ ತನಕ ನಡೆದು ಹೋಗಲಿ. ಯಜಮಾನರನ್ನು ಹೊರಗೆ ನಿಲ್ಲಿಸಿ, ಆ ಡಿಪ್ಲೊಮಾ ಹುಡುಗನನ್ನು ಅವನ ಮಾತಿನಲ್ಲೇ ಕೇಳಲಿ: ಕೊನೆಯ ಸಲ ನೀನು ಕೆಲಸ ನಿಲ್ಲಿಸಿದ್ದು ಯಾವಾಗ, ನಿಲ್ಲಿಸಿದಾಗ ಯಾರು ಏನು ಅಂದರು?