ಕೆರೆಯ ಕಟ್ಟುಪಾಡು, ಕೊಳವೆಬಾವಿಯ ಹಕ್ಕು

ವ್ಯಕ್ತಿ ದೊಡ್ಡವನೋ ಸಮುದಾಯ ದೊಡ್ಡದೋ ಎಂಬ ವಾದವನ್ನು ಪುಸ್ತಕಗಳಲ್ಲಿ ಎಷ್ಟು ಬೇಕಾದರೂ ಎಳೆಯಬಹುದು. ಕೋಲಾರ ಸೀಮೆಯ ನೀರಿನ ಕತೆ ಬಲ್ಲವರಿಗೆ ಎರಡೂ ಪಕ್ಷಗಳ ಸೋಲು ಕಣ್ಣೆದುರಿಗೇ ಇದೆ.

ವರ್ಷವಿಡೀ ಹರಿಯುವ ಹೊಳೆಯಿಲ್ಲದ ಆ ಸೀಮೆ ಬದುಕಿದ್ದು ಕೆರೆಗಳನ್ನು ನೆಚ್ಚಿ. ತೂಬು ಎತ್ತುವುದು, ಕಾಲುವೆ ನೋಡಿಕೊಳ್ಳುವುದು, ಸರದಿಯಂತೆ ಗದ್ದೆಗೆ ನೀರು ಕಟ್ಟುವುದು ನೀರಗಂಟಿಯ ಕೆಲಸ. ಸುಗ್ಗಿಯಲ್ಲಿ ಕಣದಿಂದ ಅವನಿಗೆ ಆಯ ಸಲ್ಲುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅಚ್ಚುಕಟ್ಟಿನ ಒಂದು ಭಾಗಕ್ಕಷ್ಟೇ ನೀರು ಬಿಟ್ಟು, ಅದನ್ನೇ ಎಲ್ಲರೂ ಹಂಚಿಕೊಂಡು ಬೆಳೆಯುವ ಕಟ್ಟುಪಾಡು ಕೆಲವು ಊರುಗಳಲ್ಲಿತ್ತು. ಎಲ್ಲರ ಸೊತ್ತು ಹಾಳಾಗಿಯೇ ತೀರುತ್ತದೆ ಎಂದು 1968ರಲ್ಲಿ ವಾದಿಸಿದ ಗ್ಯಾರೆಟ್ ಹಾರ್ಡಿನ್‌ರ ಲೆಕ್ಕದಲ್ಲಿ ಇಂಥ ಕಟ್ಟುಪಾಡುಗಳಿಗೆ ಜಾಗವಿರಲಿಲ್ಲ. ಸ್ಪೇನಿನ ಕಾಲುವೆ, ಸ್ವಿಟ್ಜರ್ಲೆಂಡಿನ ಹುಲ್ಲುಗಾವಲುಗಳನ್ನು ಮುಂದಿಟ್ಟು ಎಲಿನಾರ್ ಆಸ್ಟ್ರಮ್ 1990ರಲ್ಲಿ ಅದಕ್ಕೆ ಉತ್ತರ ಕೊಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ನೀರಗಂಟಿ ಯಾರು? ಬಹುಪಾಲು ಊರುಗಳಲ್ಲಿ ಅವನು ದಲಿತ. ಇಡೀ ಊರಿನ ಗದ್ದೆಗಳಿಗೆ ನೀರು ಹಂಚುವ ಆ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಹಳೆಯ ಸಮುದಾಯ ಜೀವನವನ್ನು ಕೊಂಡಾಡುವವರು ಈ ಜಾಗಕ್ಕೆ ಬಂದಾಗ ಮಾತು ತೇಲಿಸುತ್ತಾರೆ. ಅದನ್ನು ಸಹಿಸುವುದು ನನ್ನಿಂದಾಗದು. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರಿಗೆ ನಿಷಿದ್ಧವಾಗಿದ್ದ ಚವದಾರ್ ಕೆರೆಗಿಳಿದು ನೀರು ಕುಡಿದ ಅಂಬೇಡ್ಕರರು, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ, ಕರಡು ಸಂವಿಧಾನ ಹಳ್ಳಿಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿದದ್ದಕ್ಕೆ ಸಂತೋಷಪಟ್ಟರು. ಮಹಾಡದಲ್ಲಿ ಅವರು ಕೇಳಿದ್ದನ್ನು ಇದರ ಜೊತೆಗಿಟ್ಟು ನೋಡಬೇಕು. ತಮಗೊಂದು ಬೇರೆ ಕೆರೆ ಬೇಕೆಂದು ಅವರು ಕೇಳಲಿಲ್ಲ; ಸಾರ್ವಜನಿಕ ಕೆರೆಯಲ್ಲಿ ಪ್ರತಿಯೊಬ್ಬನಿಗೂ ಇರುವ ಹಕ್ಕನ್ನು ಕೇಳಿದರು. ವ್ಯಕ್ತಿವಾದ, ಸಮುದಾಯವಾದ ಎಂದು ನಾವು ಎರಡಾಗಿ ಸೀಳಿರುವುದು ಅಲ್ಲಿ ಒಂದೇ ಬೇಡಿಕೆಯಾಗಿತ್ತು.

ಆ ಬೇಡಿಕೆಯನ್ನು ನಾವು ಮುಂದುವರಿಸಲಿಲ್ಲ. ಕೊಳವೆಬಾವಿ ಬಂತು. ಯಾರ ಸರದಿಗೂ ಕಾಯದೆ ಸ್ವಿಚ್ ಒತ್ತಿದರೆ ನೀರು. ರೈತನಿಗೆ ಅದು ನಿಜವಾಗಿಯೂ ಬಿಡುಗಡೆಯೇ, ಅದನ್ನು ಹಗುರ ಮಾಡಬಾರದು. ಜಮೀನಿನಡಿಯ ನೀರು ಜಮೀನಿನ ಒಡೆಯನದು ಎಂಬ ತಿಳಿವಳಿಕೆಗೆ 1882ರ ಅನುಭೋಗ ಹಕ್ಕುಗಳ ಕಾಯ್ದೆಯ ಬೆಂಬಲವಿತ್ತು. ಆದರೆ ಅಂತರ್ಜಲಕ್ಕೆ ಸರ್ವೆ ನಂಬರ್ ಗೊತ್ತಿಲ್ಲ. ಪಕ್ಕದವನು ಆಳಕ್ಕೆ ಕೊರೆಸಿದರೆ ಇವನ ಬಾವಿ ಬತ್ತುತ್ತದೆ, ಇವನೂ ಸಾಲ ಮಾಡಿ ಇನ್ನೂ ಆಳಕ್ಕೆ ಕೊರೆಸುತ್ತಾನೆ. ಸಾವಿರ ಅಡಿ ದಾಟಿದರೂ ಬರಿ ಧೂಳು ಎದ್ದದ್ದುಂಟು. ನೀರು ಸಿಕ್ಕಿದರೆ ಅದರಲ್ಲಿ ಫ್ಲೋರೈಡ್. ಇತ್ತ ಹೂಳೆತ್ತುವವರಿಲ್ಲದೆ ಕೆರೆಗಳಲ್ಲಿ ಜಾಲಿ ಬೆಳೆಯಿತು.

ಇದನ್ನು ವ್ಯಕ್ತಿಯ ಸ್ವಾವಲಂಬನೆ ಎನ್ನುವವರು ಮೀಟರಿನತ್ತ ನೋಡಬೇಕು. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತ. ಅಂದರೆ ಮೋಟರು ಓಡುವುದು ಎಲ್ಲರ ತೆರಿಗೆಯಿಂದ, ಎತ್ತುವುದು ಎಲ್ಲರ ನೀರನ್ನು, ಬೆಳೆ ಮಾತ್ರ ಒಬ್ಬನದು. ಒಂದು ಗುಂಟೆಯೂ ಇಲ್ಲದ ಕೂಲಿಯ ಹೆಂಗಸು ಬೆಂಕಿಪೊಟ್ಟಣ ಕೊಂಡರೂ ತೆರಿಗೆ ಕಟ್ಟುತ್ತಾಳೆ. ಆ ನೀರಿನಲ್ಲಿ ಅವಳಿಗೆ ಪಾಲಿಲ್ಲ. ಹಳೆಯ ವ್ಯವಸ್ಥೆ ಜಾತಿಯ ಹೆಸರಿನಲ್ಲಿ ದೂರವಿಟ್ಟ ಮನೆಗಳನ್ನೇ ಹೊಸದು ಪಹಣಿಯ ಹೆಸರಿನಲ್ಲಿ ದೂರವಿಡುತ್ತಿದೆ.

ಹಾಗಾಗಿ ನನ್ನ ವಾದ ಇಷ್ಟು: ನೀರಿನ ಹಕ್ಕನ್ನು ಜಮೀನಿನಿಂದ ಬಿಡಿಸಿ ಮನುಷ್ಯನಿಗೆ ಕಟ್ಟಬೇಕು, ಎತ್ತುವ ಮಿತಿಯನ್ನು ಊರು ಸೇರಿ ಗೊತ್ತುಮಾಡಬೇಕು. ಕರ್ನಾಟಕದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯಲು ಅನುಮತಿ ಕಡ್ಡಾಯ ಮಾಡಿದೆ. ಆದರೆ ಅನುಮತಿ ಕೊಡುವುದು ಸರ್ಕಾರಿ ಪ್ರಾಧಿಕಾರ. ಆ ಅಧಿಕಾರ ಗ್ರಾಮಸಭೆಗೆ ಬರಬೇಕು. ಬಂದಾಗ, ಹತ್ತು ಎಕರೆಯವನ ಕೈಗೂ ಕೂಲಿಯವಳ ಕೈಗೂ ಅಲ್ಲಿ ಒಂದೇ ತೂಕವಿರಬೇಕು, ಮತ್ತು ಊರು ಅವಳ ಪಾಲನ್ನು ನುಂಗಿದರೆ ಊರಿನ ಮೇಲೆಯೇ ದಾವೆ ಹೂಡುವ ಹಕ್ಕು ಅವಳಿಗಿರಬೇಕು.