ಹಳೆಯ ವಾಹನದ ಐಬು

ಬಹುಕಾಲ ಬಳಸಿದ ವಸ್ತುವೊಂದನ್ನು ಕೊಟ್ಟು ಅದಕ್ಕಿಂತ ಉತ್ತಮವಾದದ್ದನ್ನು ತೆಗೆದುಕೊಳ್ಳುವದು ಲೋಕರೂಢಿಯಾಗಿದೆ. ಒಕ್ಕಲಿಗನು ಬಾಯಿಗೂಡಿದ ಎತ್ತನ್ನು ಮಾರಿ ನಾಲ್ಕು ಹಲ್ಲಿನ ಹೋರಿಯನ್ನು ಕೊಳ್ಳುತ್ತಾನೆ. ಅದನ್ನು ತಪ್ಪೆಂದು ಯಾರೂ ಹೇಳುವದಿಲ್ಲ. ಆದರೂ ಈ ಕೊಡುಕೊಳ್ಳುವಿಕೆಯಲ್ಲಿ ಒಂದು ಧರ್ಮಪ್ರಶ್ನೆಯು ಅಡಗಿರುವದೆಂಬದು ನನಗೆ ತೀರ ಈಚೆಗೆ, ಅದೂ ನನ್ನ ಎಡಗಾಲಿನ ಮೂಲಕ, ತಿಳಿದುಬಂದಿತು. ಗ್ರಂಥಗಳಿಂದ ತಿಳಿಯಬೇಕಾದದ್ದು ಕಾಲಿನಿಂದ ತಿಳಿಯಿತೆಂದರೆ ವಾಚಕರು ನಗಬಹುದು. ಆ ನಗೆಗೆ ನಾನು ಪಾತ್ರನೇ ಆಗಿದ್ದೇನೆ.

1992ನೆಯ ಇಸ್ವಿಯಲ್ಲಿ ನಾನು ಯೆಜ್ದಿ ರೋಡ್‌ಕಿಂಗ್ ಎಂಬ ಮೋಟಾರ್ ಸೈಕಲ್ಲನ್ನು ಕೊಂಡೆನು. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಕಾರಣ ನನ್ನ ವಾಹನದ ಹಣೆಯ ಮೇಲೆ ಕೆಎ 36 ಎಂಬ ಅಂಕವು ಬಿದ್ದಿತು. 1997ರಲ್ಲಿ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಗಿ ಮುಂದೆ ಕೆಎ 37 ಎಂಬ ಅಂಕವನ್ನು ಪಡೆದ ಮೇಲೂ ಅದು ಹಳೆಯ ಜಿಲ್ಲೆಯ ಪ್ರಜೆಯಾಗಿಯೇ ಉಳಿಯಿತು. ಅದು ಮೈಸೂರಿನಲ್ಲಿ ತಯಾರಾದ ವಾಹನ. ಜೆಕೊಸ್ಲೊವಾಕಿಯಾ ದೇಶದ ಜಾವಾ ಕಂಪನಿಯ ಅನುಮತಿಯನ್ನು ಪಡೆದು ಐಡಿಯಲ್ ಜಾವಾ ಸಂಸ್ಥೆಯವರು 1961ರಿಂದ ಅಲ್ಲಿ ಮೋಟಾರ್ ಸೈಕಲ್ಲುಗಳನ್ನು ಮಾಡಹತ್ತಿದರು. ಮೊದಲು ಜಾವಾ ಎಂಬ ಹೆಸರಿನಿಂದ, ಮುಂದೆ ಯೆಜ್ದಿ ಎಂಬ ಹೆಸರಿನಿಂದ. 1996ರಲ್ಲಿ ಆ ಕಾರ್ಖಾನೆಯು ಮುಚ್ಚಿಹೋಯಿತು. ನನ್ನ ಗಾಡಿಯು ಹೀಗೆ ತನ್ನ ತವರುಮನೆಯು ಹಾಳಾದ ಮೇಲೆಯೂ ಸುಮಾರು ಕಾಲುಶತಮಾನ ಬಾಳಿತು.

ಅದರ ವೈಖರಿಯನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. 250 ಸಿ.ಸಿ.ಯ ಟೂ ಸ್ಟ್ರೋಕ್ ಯಂತ್ರ, ಎರಡು ಸೈಲೆನ್ಸರುಗಳು, ನಾಲ್ಕು ಗೇರುಗಳು. ಎಡಗಡೆಯ ಒಂದೇ ಸನ್ನೆಯು ಕಿಕ್ಕೂ ಆಗುತ್ತಿತ್ತು, ಗೇರೂ ಆಗುತ್ತಿತ್ತು: ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಮರಳಿ ಕೆಳಗಿಳಿಸಿದರೆ ಗೇರು. ಪೆಟ್ರೋಲಿನ ಟಾಕಿಯಲ್ಲಿಯೇ ಎಣ್ಣೆಯನ್ನು ಅಳತೆಯಿಂದ ಬೆರೆಸಬೇಕಾಗುತ್ತಿತ್ತು. ಕಡಿಮೆಯಾದರೆ ಯಂತ್ರವು ಹಿಡಿದುಕೊಳ್ಳುವದು, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುವದು. ಇಂಥ ಯಂತ್ರದಲ್ಲಿ ಕ್ರ್ಯಾಂಕ್ ದಂಡದ ಪ್ರತಿಯೊಂದು ಸುತ್ತಿಗೂ ಒಂದು ಸಲ ಉರಿ ಹತ್ತುತ್ತದೆ. ಈಗಿನ ಫೋರ್ ಸ್ಟ್ರೋಕ್ ಯಂತ್ರಗಳಲ್ಲಿ ಎರಡು ಸುತ್ತಿಗೆ ಒಂದು ಸಲ. ಹಳೆಯ ವಾಹನಗಳ ಆ ಹುಮ್ಮಸ್ಸಿಗೆ ಇದೇ ಕಾರಣ. ಅವುಗಳ ಹೊಗೆಗೂ ಕಾರಣವು ಅಲ್ಲಿಯೇ ಇದೆ: ಉರಿಯದ ಪೆಟ್ರೋಲಿನ ಒಂದು ಪಾಲು ಹೊಗೆಯೊಡನೆ ಹಾಗೆಯೇ ಹೊರಗೆ ಹೋಗುತ್ತದೆ, ಎಣ್ಣೆಯೂ ಅದರ ಜೊತೆಗೆ ಸುಡುತ್ತದೆ. 2000ದ ಇಸ್ವಿಯಿಂದ ಹೊಗೆಯ ನಿಯಮಗಳು ಬಿಗಿಯಾದಂತೆ ಇಂಥ ಮೋಟಾರ್ ಸೈಕಲ್ಲುಗಳು ಪೇಟೆಯಿಂದ ಮರೆಯಾದವು. ಗಿಣಿಗೇರಿಯ ಸುತ್ತಲಿನ ಕಾರ್ಖಾನೆಗಳ ಧೂಳನ್ನು ಕುರಿತು ಸಭೆಗಳಲ್ಲಿ ಮಾತನಾಡಿ, ಸಭೆ ಮುಗಿದ ಮೇಲೆ ನೀಲಿ ಹೊಗೆಯನ್ನು ಬಿಡುತ್ತ ಮನೆಗೆ ಹೋಗುತ್ತಿದ್ದ ನನಗೆ ಈ ನಿಯಮಗಳ ಮೇಲೆ ಸಿಟ್ಟುಮಾಡುವ ಅಧಿಕಾರವಿಲ್ಲ.

2023ರಲ್ಲಿ ನಾನು ಹೊಸದನ್ನು ಕೊಂಡೆನು. ಹೆಸರು ಮತ್ತೆ ಯೆಜ್ದಿಯೇ. ಆದರೆ ಮೈಸೂರಿನದಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾದದ್ದು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ದಿ ಎಂಬ ಹೆಸರೂ ಬೇರೆ ಕಂಪನಿಯ ಕೈಯಿಂದ ಪುನರ್ಜನ್ಮವನ್ನು ಪಡೆದವು. 334 ಸಿ.ಸಿ., ನೀರಿನಿಂದ ತಂಪಾಗುವ ಯಂತ್ರ, ಆರು ಗೇರುಗಳು, ಎಷ್ಟು ಜೋರಾಗಿ ಒತ್ತಿದರೂ ಗಾಲಿಯು ಜಾರದ ಬ್ರೇಕು. ಗುಂಡಿಯನ್ನು ಒತ್ತಿದರೆ ಸಾಕು, ಹೊರಡುತ್ತದೆ. ಅದನ್ನು ಹೊಗಳಲು ನನಗೆ ಯಾವ ಸಂಕೋಚವೂ ಇಲ್ಲ. ಹಳೆಯದೇ ಲೇಸು, ಹೊಸದೆಲ್ಲ ಪೊಳ್ಳು ಎಂದು ಹಲುಬುವ ವೃದ್ಧರ ಸಾಲಿನಲ್ಲಿ ನನ್ನನ್ನು ನಿಲ್ಲಿಸಬಾರದೆಂದು ಬೇಡುತ್ತೇನೆ. ಅವರು ಹಂಬಲಿಸುವದು ಹಳೆಯ ವಾಹನಕ್ಕಲ್ಲ, ಅದನ್ನು ಒದ್ದು ಹೊರಡಿಸುತ್ತಿದ್ದ ತಮ್ಮ ಅಂದಿನ ಮೊಣಕಾಲಿಗೆ.

ಪ್ರಶ್ನೆ ಹುಟ್ಟಿದ್ದು ಹಳೆಯದನ್ನು ಏನು ಮಾಡಬೇಕೆಂಬಲ್ಲಿ. ಷೋರೂಮಿನವರು ಅದನ್ನು ತಾವೇ ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಅಷ್ಟು ಕಡಿಮೆ ಮಾಡುವದಾಗಿ ಹೇಳಿದರು. ಈಗಿನ ರೂಢಿಯೇ ಅದು. ಅವರು ಕಟ್ಟಿದ ಬೆಲೆ ಬಹಳ ಕಡಿಮೆ ಎನ್ನಿಸಿದ್ದರಿಂದ ನಾನು ಒಪ್ಪಲಿಲ್ಲ. ಜುಲೈ ತಿಂಗಳ ಎರಡನೆಯ ರವಿವಾರ ಬೆಂಗಳೂರು ಮೈಸೂರುಗಳಲ್ಲಿ ಈ ಗಾಡಿಗಳವರೆಲ್ಲ ಕೂಡಿ ಮೆರೆಯುವರೆಂದೂ, ಅದರಿಂದ ಹಳೆಯ ಯೆಜ್ದಿಗೆ ಒಳ್ಳೆಯ ಬೆಲೆ ಬಂದಿದೆಯೆಂದೂ ಕೇಳಿದ್ದೆನು. ಹೀಗೆ ನನ್ನನ್ನು ನೇರವಾಗಿ ಕೊಳ್ಳುವವನ ಎದುರಿಗೆ ತಂದು ನಿಲ್ಲಿಸಿದ್ದು ಲೋಭವೇ ಹೊರತು ಧರ್ಮವಲ್ಲ. ಆದರೂ ಅದರಿಂದ ಒಳಿತಾಯಿತೆಂದು ಈಗ ಅನ್ನಿಸುತ್ತದೆ.

ನಮ್ಮ ದನದ ಸಂತೆಯನ್ನು ನೋಡಿರಿ. ಅಲ್ಲಿ ದಲಾಲನು ವಲ್ಲಿಯ ಮರೆಯಲ್ಲಿ ಬೆರಳುಗಳನ್ನು ಹಿಡಿದು ಬೆಲೆಯನ್ನು ಗೊತ್ತುಮಾಡುತ್ತಾನೆ. ಪಕ್ಕದಲ್ಲಿ ನಿಂತವನಿಗೂ ಅದು ತಿಳಿಯುವದಿಲ್ಲ. ಆದರೆ ಎತ್ತಿನ ಐಬು ಮಾತ್ರ ಹತ್ತು ಜನರ ಎದುರಿನಲ್ಲಿ ಚರ್ಚೆಯಾಗುತ್ತದೆ. ಬಾಯಿ ತೆರೆದು ಹಲ್ಲನ್ನು ಎಣಿಸುವರು, ಸುಳಿಯನ್ನು ನೋಡುವರು, ನಾಲ್ಕು ಹೆಜ್ಜೆ ನಡೆಸುವರು, ನೊಗದ ಎಡಕ್ಕೆ ಕಟ್ಟಿದ್ದೋ ಬಲಕ್ಕೆ ಕಟ್ಟಿದ್ದೋ ಎಂದು ಕೇಳುವರು. ಷೋರೂಮಿನಲ್ಲಿ ಇದು ತಲೆಕೆಳಗಾಗಿದೆ. ಬೆಲೆಯನ್ನು ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಿರುತ್ತಾರೆ. ಐಬಿನ ಮಾತೇ ಏಳುವದಿಲ್ಲ. ಮಾರಿದವನು ಕೊಳ್ಳುವವನ ಮುಖವನ್ನು ಕಾಣುವದಿಲ್ಲ. ಮಾಲಕತ್ವವನ್ನು ವರ್ಗಾಯಿಸುವ 29 ಮತ್ತು 30ನೆಯ ನಮೂನೆಗಳಲ್ಲಿಯೂ ಇಂಜಿನ್ನಿನ ಸಂಖ್ಯೆಗೆ ಸ್ಥಳವುಂಟು, ಚಾಸಿಯ ಸಂಖ್ಯೆಗೆ ಸ್ಥಳವುಂಟು. ಮೂವತ್ತು ವರ್ಷ ಸವಾರಿ ಮಾಡಿದವನಿಗೆ ಮಾತ್ರ ಗೊತ್ತಿರುವದನ್ನು ಬರೆಯಲು ಒಂದು ಗೆರೆಯೂ ಇಲ್ಲ.

ನನ್ನ ಗಾಡಿಯನ್ನು ಕೊಳ್ಳಲು ಬಂದವನು ಕುಷ್ಟಗಿ ತಾಲೂಕಿನ ಒಬ್ಬ ತರುಣ. ಹೊಲದ ಕೆಲಸಕ್ಕೂ, ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೂ ಗಾಡಿ ಬೇಕೆಂದು ಹೇಳಿದನು. ಮೆರವಣಿಗೆಯ ಶೋಕಿಯು ಅವನಲ್ಲಿ ಸ್ವಲ್ಪ ಇದ್ದಿರಬೇಕು. ಇಲ್ಲದಿದ್ದರೆ ಯೆಜ್ದಿಯನ್ನು ಯಾಕೆ ಹುಡುಕಿಕೊಂಡು ಬರುತ್ತಿದ್ದನು? ಸುತ್ತಲೂ ಒಂದು ಸಲ ನೋಡಿ, ಟಾಕಿಯ ಮೇಲೆ ಕೈಯಾಡಿಸಿ, ಸಂತೆಯಲ್ಲಿ ಕೇಳುವಂತೆಯೇ ಕೇಳಿದನು: “ಸರ, ಗಾಡ್ಯಾಗ ಏನರ ಐಬ ಐತೇನ್ರಿ?”

“ಏನೂ ಇಲ್ಲಪ್ಪಾ. ಮೂವತ್ತು ವರ್ಷ ಹೊಡದೀನಿ, ಒಂದಿನಾನೂ ನಡುದಾರ್ಯಾಗ ಕೈ ಬಿಟ್ಟಿಲ್ಲ” ಎಂದೆನು.

ಆಣೆಮಾಡಿ ಹೇಳುತ್ತೇನೆ, ಆ ಗಳಿಗೆಯಲ್ಲಿ ನಾನು ಸುಳ್ಳು ಹೇಳಲಿಲ್ಲ.

ಹೊಸ ವಾಹನ ಬಂದು ಎಂಟು ದಿವಸಗಳಾಗಿದ್ದವು. ಕೊಪ್ಪಳದಿಂದ ಸಂಜೆ ಊರಿಗೆ ಮರಳುತ್ತಿದ್ದೆನು. ದಾರಿಯಲ್ಲಿ ಒಂದು ಸಣ್ಣ ಏರು ಬರುತ್ತದೆ. ಹೊಸ ಗಾಡಿಗೆ ಅದು ಏರೇ ಅಲ್ಲ. ಆದರೆ ಏರು ಹತ್ತುವಾಗ ನನ್ನ ಎಡಗಾಲು ಗೇರಿನ ಸನ್ನೆಯನ್ನು ಬಲವಾಗಿ ಅದುಮಿ ಹಿಡಿದಿರುವದು ನನ್ನ ಗಮನಕ್ಕೆ ಬಂದಿತು. ಯಾಕೆ? ಕಾಲನ್ನು ತೆಗೆದೆನು, ಗಾಡಿಯು ತನ್ನಷ್ಟಕ್ಕೆ ತಾನು ಹೋಯಿತು. ಮರುದಿನ ಅದೇ ಏರಿನಲ್ಲಿ ಕಾಲು ಮತ್ತೆ ಅಲ್ಲಿಯೇ ಇತ್ತು. ಆಗ ನೆನಪಾಯಿತು. ಹಳೆಯ ಗಾಡಿಯಲ್ಲಿ ಭಾರ ಬಿದ್ದಾಗ ಮೂರನೆಯ ಗೇರು ಬಿಟ್ಟುಕೊಳ್ಳುತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ಮಿಸ್ತ್ರಿಯೊಬ್ಬನು ಅದನ್ನು ಹೇಳಿ, ಇಂಜಿನ್ನು ಬಿಚ್ಚಬೇಕಾಗುತ್ತದೆ ಎಂದಿದ್ದನು. ನಾನು, ಮುಂದೆ ನೋಡೋಣ ಎಂದಿದ್ದೆನು. ಆಮೇಲೆ ಕಾಲು ಆ ಕೆಲಸವನ್ನು ತಾನೇ ವಹಿಸಿಕೊಂಡಿತು. ಏರು ಬಂದರೆ ಅದುಮುವದು, ಏರು ಮುಗಿದರೆ ಬಿಡುವದು. ಕಾಲಾಂತರದಲ್ಲಿ ಅದೊಂದು ದೋಷವೆಂಬದೇ ನನ್ನ ಮನಸ್ಸಿನಿಂದ ಅಳಿದುಹೋಯಿತು. ಥೀಸಿಯಸನ ಹಡಗಿನಂತೆ ಆ ಗಾಡಿಯ ಒಂದೊಂದೇ ಅಂಗವು ಬದಲಾಗಿತ್ತು. ಬದಲಾಗದೆ ಉಳಿದಿದ್ದದ್ದು ಅದರ ಐಬೊಂದೇ, ಅದನ್ನೇ ನಾನು ಮರೆತಿದ್ದೆನು.

ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಎಂಬ ಪಂಡಿತನು ಕರ್ತವ್ಯವನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದಕ್ಕೆ ಸಮೀಪವಾದ ಒಂದು ವಾದವುಂಟು. ಒಬ್ಬನು ತನ್ನ ಮನೆಯನ್ನು ಮಾರುತ್ತಾನೆ. ಕೋಣೆಗಳಲ್ಲಿ ಹಾವುಗಳಿವೆ, ತೊಲೆಗಳು ಲಡ್ಡಾಗಿವೆ. ಇದು ಅವನೊಬ್ಬನಿಗೇ ಗೊತ್ತು. ಹೇಳಬೇಕೋ, ಬೇಡವೋ? ಆಂಟಿಪೇಟರನೆಂಬವನು ಹೇಳಲೇಬೇಕೆನ್ನುತ್ತಾನೆ. ಬ್ಯಾಬಿಲೋನಿನ ಡಯೋಜಿನೀಸನೆಂಬವನು ಸುಮ್ಮನಿರುವದು ಬೇರೆ, ಮುಚ್ಚಿಡುವದು ಬೇರೆ ಎನ್ನುತ್ತಾನೆ. ತನ್ನ ಲಾಭಕ್ಕಾಗಿ ಸುಮ್ಮನಿದ್ದರೆ ಅದು ಮುಚ್ಚಿಟ್ಟಂತೆಯೇ ಎಂಬದು ಸಿಸೆರೋನ ತೀರ್ಪು. ತೀರ್ಪು ಸರಿಯಾಗಿಯೇ ಇದೆ. ಆದರೆ ಈ ಮೂವರೂ ಮಾರುವವನಿಗೆ ದೋಷವು ಗೊತ್ತಿದೆಯೆಂದೇ ಹಿಡಿದು ನಡೆದವರು. ಹಾವಿನೊಡನೆ ಬಹುಕಾಲ ಇದ್ದು ಹಾವನ್ನೇ ಮರೆತವನ ಗತಿಯೇನು?

ಗೊತ್ತಿರಲಿಲ್ಲ, ಆದುದರಿಂದ ತಪ್ಪಿಲ್ಲ ಎಂದು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪಲಿಲ್ಲ. ನಾನು ಆ ದೋಷವನ್ನು ಸುಮ್ಮನೆ ಮರೆತಿರಲಿಲ್ಲ. ಅದಕ್ಕೆ ಬೇರೊಂದು ಹೆಸರನ್ನು ಇಟ್ಟು ಮರೆತಿದ್ದೆನು. ಮಗನಿಗೆ ಒಮ್ಮೆ ಗಾಡಿಯನ್ನು ಕೊಡುವಾಗ “ಅದರ ಗುಣಾ ತಿಳಕೊಂಡು ಹೊಡೀಬೇಕಪ್ಪಾ” ಎಂದಿದ್ದದ್ದು ಈಗ ನೆನಪಿಗೆ ಬರುತ್ತದೆ. ನಮ್ಮದಾಗಿರುವ ತನಕ ಐಬನ್ನು ಗುಣವೆಂದು ಕರೆಯುತ್ತೇವೆ, ಮತ್ತು ಹಾಗೆ ಕರೆಯುವದು ನಮ್ಮ ಪ್ರೀತಿಯ ದೊಡ್ಡತನವೆಂದು ತಿಳಿಯುತ್ತೇವೆ. ಮಾರುವ ದಿನ ಅದೇ ಮಾತು ಸತ್ಯದ ಬಾಯಿಯನ್ನು ಕಟ್ಟುತ್ತದೆ. ಗಂಡಿನ ಮನೆಯವರು ಹೆಣ್ಣು ಕೇಳಲು ಹೋದಾಗಲೂ ನಡೆಯುವದು ಇದೇ. ಹುಡುಗನ ಮುಂಗೋಪವನ್ನು ತಾಯಿ ಬೇಕೆಂದು ಮುಚ್ಚಿಡುವದಿಲ್ಲ. ಇಪ್ಪತ್ತೈದು ವರ್ಷ ಇಡೀ ಮನೆಯು ಅವನ ಸಿಟ್ಟಿಗೆ ತಕ್ಕಂತೆ ಹೆಜ್ಜೆಯಿಟ್ಟು ನಡೆದದ್ದರಿಂದ ಅದು ಅವಳ ಕಣ್ಣಿಗೇ ಬೀಳುವದಿಲ್ಲ. ಬಂದ ಸೊಸೆಗೆ ಮಾತ್ರ ಮೊದಲನೆಯ ವಾರದಲ್ಲಿಯೇ ತಿಳಿಯುತ್ತದೆ.

ಕಠೋಪನಿಷತ್ತಿನ ಆರಂಭವನ್ನು ನಾನು ಬೇರೆ ರೀತಿಯಲ್ಲಿ ಓದಹತ್ತಿದ್ದು ಈ ದಿವಸಗಳಲ್ಲಿಯೇ. ವಾಜಶ್ರವಸನು ಯಜ್ಞದಲ್ಲಿ ಸರ್ವಸ್ವವನ್ನೂ ದಾನಮಾಡುತ್ತಾನೆ. ಆದರೆ ಆ ಹಸುಗಳು ಕುಡಿಯುವಷ್ಟು ನೀರನ್ನು ಕುಡಿದು ಮುಗಿಸಿದವು, ಕರೆಯುವಷ್ಟು ಹಾಲನ್ನು ಕರೆಸಿಕೊಂಡು ಬತ್ತಿದವು. ಅದನ್ನು ಕಂಡವನು ಬಾಲಕನಾದ ನಚಿಕೇತ. ತಂದೆಯು ಕಪಟಿಯೆಂದೇ ನಾನು ಇಷ್ಟು ದಿನ ತಿಳಿದಿದ್ದೆನು. ಈಗ ಅನುಮಾನ ಬರುತ್ತದೆ. ದಿನವೂ ಅವನ್ನು ಕಾಣುತ್ತಿದ್ದ ಆ ಹಿರಿಯನಿಗೆ ಅವು ಬತ್ತಿದ್ದೇ ಕಾಣದೆ ಹೋಗಿರಬಹುದು. ಅವನ ಕಣ್ಣಿಗೆ ಅವು ಇನ್ನೂ ತಂಬಿಗೆ ತುಂಬ ಹಾಲು ಕೊಡುವ ಹಸುಗಳೇ ಆಗಿದ್ದಿರಬಹುದು. ಹೀಗೆಂದು ಭಾಷ್ಯಕಾರರು ಹೇಳುವದಿಲ್ಲ. ಇದು ಯೆಜ್ದಿ ಮಾರಿದವನೊಬ್ಬನ ಭಾಷ್ಯ. ಮಗನು ಪ್ರಶ್ನೆಮಾಡಿದಾಗ ತಂದೆಗೆ ಅಷ್ಟೊಂದು ಸಿಟ್ಟು ಬಂದದ್ದಕ್ಕೆ ಬಹುಶಃ ಇದೇ ಕಾರಣವಿದ್ದೀತು. ಬೇಕೆಂದು ವಂಚಿಸುವವನು ಸಿಕ್ಕಿಬಿದ್ದರೆ ನಾಚುತ್ತಾನೆ. ತಾನು ಪ್ರಾಮಾಣಿಕನೆಂದು ನಂಬಿದವನು ಸಿಕ್ಕಿಬಿದ್ದರೆ ಕೆರಳುತ್ತಾನೆ.

ನಾನೂ ಎರಡು ದಿನ ಕೆರಳಿದವನಂತೆಯೇ ಇದ್ದೆನು. ಅಷ್ಟು ಹಳೆಯ ಗಾಡಿಯನ್ನು ಕೊಳ್ಳುವವನು ನೋಡಿ ಕೊಳ್ಳಬೇಕಾಗಿತ್ತು. ಏರಿನ ಮೇಲೆ ಒಂದು ಸಲ ಹೊಡೆದು ನೋಡಿದ್ದರೆ ಆಗುತ್ತಿತ್ತು. ನಾನೇನು ಕೈ ಹಿಡಿದಿದ್ದೆನೇ? ಹೀಗೆಲ್ಲ ನನ್ನೊಳಗೇ ವಾದಿಸಿದೆನು. ಆದರೆ ಏರಿನ ನಡುವೆ ಗೇರು ಬಿಟ್ಟರೆ ಗಾಡಿಯು ಒಮ್ಮೆಲೇ ಬಲಗುಂದುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ? ಆ ಹುಡುಗನ ಹಿಂದೆ ತಾಯಿ ಕುಳಿತಿದ್ದರೆ? ಮೂರನೆಯ ದಿನ ಹೊಸ ಗಾಡಿಯ ಮೇಲೆ ಕುಷ್ಟಗಿಯ ದಾರಿ ಹಿಡಿದೆನು.

ಅವನು ಮನೆಯಲ್ಲಿದ್ದನು. ಯೆಜ್ದಿಯು ಬೇವಿನ ಗಿಡದ ನೆರಳಿನಲ್ಲಿ ನಿಂತಿತ್ತು. ಒರೆಸಿ ಹೊಳಪು ಬರಿಸಿದ್ದನು. ನಾನು ಹೇಳಬೇಕಾದದ್ದನ್ನು ಹೇಳಿದೆನು. ಅವನಿಗೆ ಆಶ್ಚರ್ಯವಾಗಲಿಲ್ಲ.

“ಅದು ಮನೀಗೆ ತರೂವಾಗ ದಾರ್ಯಾಗ ಗೊತ್ತಾತ್ರಿ ಸರ.”

“ಮತ್ತ ಫೋನ್ ಯಾಕ ಮಾಡಲಿಲ್ಲಪ್ಪಾ?”

ಅವನು ನೆಲವನ್ನು ನೋಡಿದನು. “ನೀವು ದೊಡ್ಡವರು, ಮಾಸ್ತರ. ಗೊತ್ತಿದ್ದೂ ಹೇಳಿಲ್ಲಂತ ತಿಳಕೊಂಡ್ನಿ. ಕೇಳಾಕ ನನಗ ಸರಿ ಅನಸಲಿಲ್ರಿ.”

ನನಗೆ ಗೊತ್ತಿರಲಿಲ್ಲವೆಂದು ಹೇಳಲು ಬಾಯಿ ತೆರೆದೆನು. ಕಾಲಿನ ಕಥೆಯನ್ನು ಅವನಿಗೆ ಹೇಗೆ ತಿಳಿಸಬೇಕೆಂಬದು ಹೊಳೆಯಲಿಲ್ಲ. ಹೇಳಿದರೂ ಅದು ಜಾಣ ನೆಪದಂತೆ ಕೇಳಿಸುತ್ತಿತ್ತು. ಇಂಜಿನ್ನು ಬಿಚ್ಚಿಸಲು ಎಷ್ಟಾಗುವದೆಂದು ಕೇಳಿದೆನು. ಮಿಸ್ತ್ರಿಯು ಹೇಳಿದ ಲೆಕ್ಕವನ್ನು ಅವನು ಹೇಳಿದನು. ಹಲ್ಲಿನ ಗಾಲಿಗಳು ಇಲ್ಲಿ ಸಿಗುವದಿಲ್ಲ, ಮೈಸೂರಿನಿಂದ ತರಿಸಬೇಕು ಎಂದನು. ಹಣವನ್ನು ಕೊಟ್ಟೆನು. ಬೇಡವೆಂದು ಉಪಚಾರದ ಮಾತನಾಡದೆ ಅವನು ಎಣಿಸಿ ಇಟ್ಟುಕೊಂಡದ್ದು ನನಗೆ ಸಮಾಧಾನವನ್ನು ತಂದಿತು.

ಒಳಗಿನಿಂದ ತಾಯಿ ಚಹ ತಂದಳು. ಗಾಡಿಯ ಮೇಲೆ ಕುಳಿತು ಆಸ್ಪತ್ರೆಗೆ ಹೋಗಿಬಂದಿರಾ ಎಂದು ಕೇಳಿದೆನು. ಅವಳು ಉತ್ತರ ಕೊಡುವ ಮೊದಲೇ ಅವನು ಹೇಳಿದನು: “ಇಲ್ರಿ ಸರ. ಗೇರ್ ಸರಿ ಆಗೂತನಕ ಅವ್ವನ್ನ ಹಿಂದ ಕೂಡ್ರಿಸೂದಿಲ್ಲ. ಬಸ್ಸಿಗೇ ಕಳಸಾಕತ್ತೀನಿ.”