ಎರಡು ಸಾರಿ ಮುಟ್ಟಿದ ಕೈ (ಭಾನುವಾರದ ಆರಾಧನೆಯ ಸಂದೇಶ)

ಬೈಬಲ್ ತಂದವರು ಮಾರ್ಕನ ಸುವಾರ್ತೆ 8ನೇ ಅಧ್ಯಾಯ ತೆಗೆಯಿರಿ, 22ರಿಂದ 26ನೇ ವಚನದವರೆಗೆ. ಮೊಬೈಲ್‌ನಲ್ಲಿ ನೋಡುವವರು ಅದರಲ್ಲೇ ನೋಡಿ, ಆದ್ರೆ ವಾಟ್ಸಾಪ್ ಕಡೆ ಹೋಗಬೇಡಿ.

ಬೇತ್ಸಾಯಿದದಲ್ಲಿ ಒಬ್ಬ ಕುರುಡನನ್ನು ಯೇಸುಸ್ವಾಮಿಯ ಹತ್ತಿರ ಕರೆದುಕೊಂಡು ಬರ್ತಾರೆ. ಕರ್ತನು ಅವನ ಕೈ ಹಿಡಿದು ಊರ ಹೊರಗೆ ನಡೆಸಿ, ಕಣ್ಣಿಗೆ ಉಗುಳು ಹಚ್ಚಿ, ಕೈಯಿಟ್ಟು, ಏನಾದ್ರೂ ಕಾಣ್ತಿದೆಯಾ ಅಂತ ಕೇಳ್ತಾನೆ. ಅವನು ಕೊಟ್ಟ ಉತ್ತರ ಗಮನಿಸಿ. ಜನ ಇದ್ದಾರೆ ಅನ್ನೋದು ಗೊತ್ತಾಗ್ತದೆ ಸ್ವಾಮಿ, ಆದ್ರೆ ಓಡಾಡೋ ಮರಗಳ ಹಾಗೆ ಕಾಣ್ತಾರೆ ಅಂದ. ಆಮೇಲೆ ಕರ್ತನು ಮತ್ತೊಂದು ಸಾರಿ ಕೈಯಿಟ್ಟ. ಆಗ ಸ್ಪಷ್ಟವಾಯಿತು. ಯೇಸುಸ್ವಾಮಿ ಎರಡು ಹಂತದಲ್ಲಿ ಗುಣಪಡಿಸಿದ್ದು ನಾಲ್ಕೂ ಸುವಾರ್ತೆಗಳಲ್ಲಿ ಇದೊಂದೇ. ಮಾರ್ಕನು ಮಾತ್ರ ಬರೆದಿದ್ದಾನೆ.

ಪ್ರಿಯರೇ, ಈ ವಾಕ್ಯಭಾಗವನ್ನು ನಾನು ಬೈಬಲ್ ಕಾಲೇಜಿನಲ್ಲಿ ಓದಿದೆ, ಪರೀಕ್ಷೆಯಲ್ಲೂ ಬರೆದೆ, ಮಾರ್ಕ್ಸೂ ಬಂತು. ಆದ್ರೆ ಅರ್ಥ ಆಗಿರಲಿಲ್ಲ. ಇವತ್ತು ನಿಮ್ಮ ಮುಂದೆ ಒಂದು ಸಾಕ್ಷಿ ಹೇಳಬೇಕು. ಮೊದಲು ಹೇಳಿದ ಸಾಕ್ಷಿಯನ್ನು ತಿದ್ದುವ ಸಾಕ್ಷಿ.

ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು, ಕರ್ತನು ನನ್ನ ಕಣ್ಣುಗಳನ್ನು ಸಂಪೂರ್ಣ ವಾಸಿ ಮಾಡಿದ್ದಾನೆ ಅಂತ ಹೇಳಿದ್ದೆ. ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು, ಎಲ್ಲರೂ ಎದ್ದು ಹಲ್ಲೆಲೂಯಾ ಅಂದಿರಿ. ಅದು ನಿಜ ಆಗಿರಲಿಲ್ಲ.

ನನಗಿರೋದು ಕೆರಟೋಕೋನಸ್. ಕಣ್ಣಿನ ಮುಂಭಾಗದಲ್ಲಿ ಗಾಜಿನ ಹಾಗಿರುವ ಕಾರ್ನಿಯಾ ತೆಳ್ಳಗಾಗಿ, ಗುಂಡಗಿರಬೇಕಾದದ್ದು ಮುಂದಕ್ಕೆ ಚೂಪಾಗಿ ಉಬ್ಬಿಕೊಳ್ಳುತ್ತದೆ. ಹೆಚ್ಚಾಗಿ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗೋದು. ಕಣ್ಣು ಉಜ್ಜೋ ಅಭ್ಯಾಸ ಇದ್ದವರಿಗೆ ಇನ್ನೂ ಕೆಡುತ್ತದೆ. ನಾನು ಚಿಕ್ಕಂದಿನಿಂದ ಉಜ್ಜುತ್ತಿದ್ದವನು. ಆರು ತಿಂಗಳಿಗೊಮ್ಮೆ ಕನ್ನಡಕದ ನಂಬರ್ ಬದಲಾಗ್ತಿತ್ತು. ರಾತ್ರಿ ಬೀದಿದೀಪ ನೋಡಿದ್ರೆ ಒಂದಕ್ಕೆ ನಾಲ್ಕು. ಬೈಬಲ್ ತೆಗೆದರೆ ಒಂದು ಸಾಲಿನ ನೆರಳು ಇನ್ನೊಂದು ಸಾಲಿನ ಮೇಲೆ. ಡಾಕ್ಟರು ರೋಗದ ಹೆಸರು ಹೇಳಿ, ಬೇಗ ಚಿಕಿತ್ಸೆ ಮಾಡಿಸಿಕೊಳ್ಳಿ ಅಂದ್ರು.

ಆಗಲೇ ನಾನು ಒಂದು ಕೂಟಕ್ಕೆ ಹೋದದ್ದು. ಅಲ್ಲಿನ ದೇವದಾಸರು ತಲೆ ಮೇಲೆ ಕೈಯಿಟ್ಟು, ಕನ್ನಡಕ ತೆಗೆದು ಎಸೆ, ಕಾಣುತ್ತಾ ಅಂದ್ರು. ಸಾವಿರಾರು ಜನ ನೋಡ್ತಿದ್ದಾರೆ, ಮೈಕ್ ಬಾಯಿ ಹತ್ತಿರ ಇದೆ. ನಾನೇನು ಹೇಳಬೇಕು? ಕಾಣುತ್ತೆ ಅಂದೆ. ಅವರ ಮುಖ ಕೂಡ ನನಗೆ ಸರಿಯಾಗಿ ಕಾಣ್ತಿರಲಿಲ್ಲ, ದೇವರ ಮಕ್ಕಳೇ. ತಪ್ಪೆಲ್ಲಾ ಅವರ ಮೇಲೆ ಹಾಕಲ್ಲ. ಕೇಳಿದ್ದು ಅವರು, ಸುಳ್ಳು ಹೇಳಿದ್ದು ನಾನು. ಒಮ್ಮೆ ಹೇಳಿದ ಮೇಲೆ ಆಸ್ಪತ್ರೆಗೆ ಹೋಗೋದು ಹೇಗೆ? ಯಾರಾದ್ರೂ ನೋಡಿದ್ರೆ? ಎರಡು ವರ್ಷ ಹೋಗಲಿಲ್ಲ. ವಚನಗಳನ್ನು ಬಾಯಿಪಾಠ ಮಾಡಿಕೊಂಡು ಬಂದು ಇಲ್ಲಿ ಓದಿದ ಹಾಗೆ ಮಾಡ್ತಿದ್ದೆ.

ಬೇತ್ಸಾಯಿದದ ಆ ಮನುಷ್ಯನ ಬೆಲೆ ಆಗ ಗೊತ್ತಾಯಿತು. ಅವನ ಮುಂದೆ ಇದ್ದದ್ದು ಪಾಸ್ಟರ್ ಅಲ್ಲ, ದೇವಕುಮಾರನೇ. ದೇವಕುಮಾರನೇ ಕೈಯಿಟ್ಟ ಮೇಲೂ, ಇನ್ನೂ ಮಂಜು ಮಂಜಾಗಿದೆ ಅಂತ ಹೇಳೋಕೆ ಎಷ್ಟು ಧೈರ್ಯ ಬೇಕು! ಕರ್ತನು ಅವನಿಗೆ ಬೈದನಾ? ವಿಶ್ವಾಸ ಸಾಲದು ಅಂದನಾ? ಇಲ್ಲ. ಮತ್ತೊಂದು ಸಾರಿ ಕೈಯಿಟ್ಟ. ಅವನು ನನ್ನ ಹಾಗೆ ಎಲ್ಲಾ ಕಾಣುತ್ತೆ ಸ್ವಾಮಿ ಅಂದಿದ್ರೆ, ಮರಗಳನ್ನೇ ನೋಡ್ಕೊಂಡು ಮನೆಗೆ ಹೋಗ್ತಿದ್ದ.

ಎರಡು ವರ್ಷ ಆದ ಮೇಲೆ ಬೈಕಿನಲ್ಲಿ ಹೋಗ್ತಾ ಒಂದು ಮಗುವಿಗೆ ಹೊಡೆಯೋದು ಸ್ವಲ್ಪದರಲ್ಲಿ ತಪ್ಪಿತು. ಅವತ್ತು ಹೆಂಡತಿ ಮುಂದೆ ಕೂತು ನಿಜ ಹೇಳಿದೆ. ಅವಳು, ನನಗೆ ಯಾವತ್ತೋ ಗೊತ್ತಿತ್ತು ಅಂದಳು. ಮರುದಿನ ಆಸ್ಪತ್ರೆಗೆ ಹೋದೆವು. ಕಣ್ಣಿಗೆ ರೈಬೋಫ್ಲಾವಿನ್ ಹನಿ ಹಾಕಿ ಅಲ್ಟ್ರಾವೈಲೆಟ್ ಬೆಳಕು ಬಿಟ್ಟು ಕಾರ್ನಿಯಾವನ್ನು ಗಟ್ಟಿ ಮಾಡ್ತಾರೆ, ಕ್ರಾಸ್‌ಲಿಂಕಿಂಗ್ ಅಂತ. ಅದು ರೋಗ ಮುಂದೆ ಹೋಗದಂತೆ ತಡೆಯೋಕೆ. ಕೆಟ್ಟುಹೋದ ಆಕಾರವನ್ನು ಮೊದಲಿನ ಹಾಗೆ ಮಾಡಲ್ಲ. ಮೊದಲೇ ಬಂದಿದ್ರೆ ಇಷ್ಟಾಗ್ತಿರಲಿಲ್ಲ ಅಂತ ಡಾಕ್ಟರು ಮೆಲ್ಲಗೆ ಹೇಳಿದ್ರು. ಆ ಮೆಲ್ಲಗೆ ಹೇಳಿದ್ದು ಇವತ್ತಿಗೂ ಜೋರಾಗಿ ಕೇಳ್ತದೆ.

ನಾಲ್ಕು ತಿಂಗಳಿಂದ ಗಟ್ಟಿ ಲೆನ್ಸ್ ಹಾಕ್ತಿದ್ದೇನೆ. ಆರ್‌ಜಿಪಿ ಅಂತಾರೆ, ಅಂಗಿ ಗುಂಡಿಗಿಂತ ಚಿಕ್ಕದು. ಮೊದಲ ದಿನ ಕಣ್ಣಿಗೆ ಮರಳು ಹಾಕಿ ರೆಪ್ಪೆ ಮುಚ್ಚಿದ ಹಾಗಿತ್ತು. ಮೊದಲು ಕೆಲವೇ ತಾಸು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು, ರೆಪ್ಪೆಗೆ ಅಭ್ಯಾಸ ಆಗುವವರೆಗೆ. ನಲ್ಲಿ ನೀರು ತಾಗಿಸಬಾರದು, ಹಾಕ್ಕೊಂಡು ಮಲಗಬಾರದು. ಧೂಳು ಒಳಗೆ ಹೋದ್ರೆ ಬೈಕ್ ನಿಲ್ಲಿಸಿ ರಸ್ತೆ ಬದಿಯಲ್ಲಿ ನಿಲ್ಲಬೇಕು. ಎರಡನೇ ವಾರ ಆರಾಧನೆ ನಡೆಸುವಾಗ ಕಣ್ಣಿಂದ ನೀರು ಸುರೀತಾ ಇತ್ತು. ಇವತ್ತು ಪಾಸ್ಟರ್ ಮೇಲೆ ಎಂಥಾ ಅಭಿಷೇಕ ಅಂತ ಒಬ್ಬ ಅಮ್ಮ ಅತ್ತೇಬಿಟ್ರು. ಅಮ್ಮಾ, ಕ್ಷಮಿಸಿ, ಅದು ಲೆನ್ಸ್. (ಸಭೆಯಲ್ಲಿ ನಗು.) ಇನ್ನೊಂದು ಭಾನುವಾರ ಅದು ಹಾರಿ ಇಲ್ಲೇ ಬಿತ್ತು, ಸಂಡೇ ಸ್ಕೂಲ್ ಮಕ್ಕಳು ಮೊಬೈಲ್ ಟಾರ್ಚ್ ಹಿಡಿದು ಮೊಣಕಾಲ ಮೇಲೆ ಹುಡುಕಿದ್ರು. ಪ್ರಾರ್ಥನೆಗೆ ಅಷ್ಟು ಬೇಗ ಯಾವತ್ತೂ ಮೊಣಕಾಲೂರಿದವರಲ್ಲ.

ಆ ಲೆನ್ಸ್ ಹೇಗೆ ಕೆಲಸ ಮಾಡ್ತದೆ ಗೊತ್ತಾ? ಏರುತಗ್ಗಾದ ಕಾರ್ನಿಯಾಕ್ಕೂ ಲೆನ್ಸಿಗೂ ನಡುವಿನ ಸಂದನ್ನು ಕಣ್ಣೀರು ತುಂಬ್ತದೆ. ಆಗ ಬೆಳಕು ನುಣುಪಾದ ಮೇಲ್ಮೈಯಿಂದ ಒಳಗೆ ಹೋಗ್ತದೆ. ಕಣ್ಣೀರಿಲ್ಲದೆ ಲೆನ್ಸ್ ಕೆಲಸ ಮಾಡಲ್ಲ. ಇದನ್ನ ದಯವಿಟ್ಟು ಪ್ರಸಂಗ ಮಾಡಬೇಡಿ ಅಂತ ಹೆಂಡತಿ ಹೇಳಿದ್ದಾಳೆ, ಹಾಗಾಗಿ ಅಲ್ಲಿಗೇ ಬಿಡ್ತೇನೆ.

ದೈವಿಕ ಸ್ವಸ್ಥತೆಯನ್ನು ನಂಬಲ್ವಾ ಪಾಸ್ಟರ್ ಅಂತ ಕೆಲವರು ಕೇಳ್ತೀರಿ. ನಂಬ್ತೇನೆ. ರೋಗಿಗಳಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸೋದನ್ನು ನಿಲ್ಲಿಸಲ್ಲ. ಆದ್ರೆ 2 ತಿಮೊಥೆಯ 4:20 ಕೂಡ ಬೈಬಲ್‌ನಲ್ಲೇ ಇದೆ. ತ್ರೊಫಿಮನು ಅಸ್ವಸ್ಥನಾಗಿದ್ದರಿಂದ ಅವನನ್ನು ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಪೌಲನು ತಿಳಿಸ್ತಾನೆ. ಗುಣವಾದ ಅಂತ ಬರೆದು ಕಳಿಸಲಿಲ್ಲ.

ನನ್ನ ಸಾಕ್ಷಿ ಕೇಳಿ ಒಬ್ಬ ತಾಯಿ, ತನ್ನ ಮಗನನ್ನು ತೋರಿಸಬೇಕಿದ್ದ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಲಿಲ್ಲ. ಕಳೆದ ವಾರ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಈಗ ಸಭೆಯ ಮುಂದೆಯೂ ಕೇಳ್ತೇನೆ. ಮಂಗಳವಾರ ಆ ಹುಡುಗನನ್ನು ನಾನೇ ಬೆಂಗಳೂರಿಗೆ ಕರೆದುಕೊಂಡು ಹೋಗ್ತಿದ್ದೇನೆ, ಬೆಳಗಿನ ಮೊದಲ ಬಸ್ಸಿಗೆ. ನಿಮ್ಮ ಮನೆಯಲ್ಲಿ ಸದಾ ಕಣ್ಣು ಉಜ್ಜುವ, ನಂಬರ್ ಬದಲಾಗ್ತಾ ಇರುವ ಮಕ್ಕಳಿದ್ರೆ ಆರಾಧನೆ ಮುಗಿದ ಮೇಲೆ ಬನ್ನಿ, ಪ್ರಾರ್ಥನೆ ಮಾಡಿ ಆಸ್ಪತ್ರೆಯ ವಿಳಾಸವನ್ನೂ ಕೊಡ್ತೇನೆ. ಬಸ್ಸಿನಲ್ಲಿ ಜಾಗ ಇರುತ್ತೆ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ. ನಾನು ಸ್ವಲ್ಪ ನಿಧಾನವಾಗಿ ಮುಚ್ತೇನೆ, ಆರು ತಾಸಾಯ್ತು ಹಾಕಿ. ಕರ್ತನೇ, ಇನ್ನೂ ಮಂಜಾಗಿದೆ...